ಕರೆಂಟ್ ಫ್ಯಾನಿಗೆ ಯಾವ ಕಂಟ್ರೋಲ್? ಮೂರನ್ನೂ ಓಡಿಸಿ ನೋಡಿದ್ದು

ನನ್ನ ಮಿನಿ ಲಾರಿಯಲ್ಲಿ ರೇಡಿಯೇಟರನ್ನು ತಣಿಸುವ ಬೆಲ್ಟ್ ಫ್ಯಾನನ್ನು ತೆಗೆಸಿ ಕರೆಂಟ್ ಫ್ಯಾನ್ ಹಾಕಿಸಿದ ಮೇಲೆ ಎರಡು ಕಬ್ಬಿನ ಹಂಗಾಮು ಕಳೆದವು. ಅದೇ ಫ್ಯಾನನ್ನು ಈ ಅವಧಿಯಲ್ಲಿ ಮೂರು ಬಗೆಯಲ್ಲಿ ಓಡಿಸಿದ್ದೇನೆ: ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ, ರೇಡಿಯೇಟರಿಗೆ ಕಡ್ಡಿ ಚುಚ್ಚುವ ಕಂಟ್ರೋಲರಿನಿಂದ, ಹೋಸ್ ಪೈಪಿನ ನಡುವೆ ಕೂತು ನೀರಿನ ಬಿಸಿಗೆ ತಾನಾಗಿ ಹೊತ್ತಿ ಆರುವ ಥರ್ಮೋ ಸ್ವಿಚ್ಚಿನಿಂದ. ಮೂರನೆಯದೇ ನನಗೆ ಸರಿ. ಆದರೆ ಅದನ್ನು ಹಾಕುವಾಗ ಎರಡು ದಿನ ಕಾಡಿದ ಒಂದು ತೊಡಕಿದೆ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ನನ್ನ ಓಡಾಟ ಪಾಂಡವಪುರ, ಮಂಡ್ಯದ ಸುತ್ತಮುತ್ತ. ಹಂಗಾಮಿನಲ್ಲಿ ಹೊಲದಿಂದ ಆಲೆಮನೆಗೆ, ಕಾರ್ಖಾನೆಗೆ ಕಬ್ಬು. ಉಳಿದ ದಿನಗಳಲ್ಲಿ ಮದ್ದೂರಿನ ಎಳನೀರು. ಹೆದ್ದಾರಿಯಲ್ಲಿ ಗಾಡಿ ಅರವತ್ತರ ವೇಗದಲ್ಲಿದ್ದರೆ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಫ್ಯಾನ್ ಬೇಕಾಗುವುದು ಕಾರ್ಖಾನೆಯ ಮುಂದಿನ ಸಾಲಿನಲ್ಲಿ, ತುಂಬಿದ ಗಾಡಿ ಮೊದಲ ಗೇರಿನಲ್ಲಿ ಗಂಟೆಗಟ್ಟಲೆ ತೆವಳುವಾಗ.

ಸ್ವಿಚ್ಚಿನಿಂದ ಶುರು ಮಾಡಿದೆ. ಅಗ್ಗ, ಅರ್ಧ ಗಂಟೆಯ ಕೆಲಸ. ಮೊದಲು ಹಾಕಿಕೊಟ್ಟವರು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಇಡದೆ ಫ್ಯಾನಿನ ಪೂರ್ತಿ ಕರೆಂಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿಸಿದ್ದರು. ನನ್ನ ಫ್ಯಾನ್ ಓಡುವಾಗ ಸುಮಾರು 18 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಬಹಳ ಹೆಚ್ಚು. ವಾರದೊಳಗೆ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಬಟನ್ ಒಂದು ಕಡೆಗೆ ವಾಲಿತು. ರಿಲೇ ಹಾಕಿದ ಮೇಲೆ ಆ ತೊಂದರೆ ತಪ್ಪಿತು, ಮರೆವು ಮಾತ್ರ ತಪ್ಪಲಿಲ್ಲ. ಸಾಲಿನಲ್ಲಿ ಪಕ್ಕದ ಗಾಡಿಯವರೊಡನೆ ತೂಕದ ಚೀಟಿಯ ವಿಷಯ ಮಾತನಾಡುತ್ತ ನಿಂತಿದ್ದೆ, ಹಬೆ ಬಂದಾಗಲೇ ಫ್ಯಾನಿನ ನೆನಪಾದದ್ದು. ಎಂಜಿನ್ ಹೆಡ್ಡಿನ ಕೆಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಹೇಗೋ ಉಳಿದುಕೊಂಡಿತು.

ಆಗ 2,400 ರೂಪಾಯಿ ಕೊಟ್ಟು ಕಡ್ಡಿ ಕಂಟ್ರೋಲರ್ ತಂದೆ. ಪೆನ್ಸಿಲ್ಲಿಗಿಂತ ಸಣ್ಣ ಲೋಹದ ಕಡ್ಡಿಯನ್ನು ರೇಡಿಯೇಟರಿನ ತೆಳು ತಗಡಿನ ಫಿನ್‌ಗಳ ನಡುವೆ ಚುಚ್ಚಿ, ಪೆಟ್ಟಿಗೆಯ ಮೇಲಿನ ನಾಬ್ ತಿರುಗಿಸಿ ಎಷ್ಟು ಬಿಸಿಗೆ ಫ್ಯಾನ್ ಓಡಬೇಕೆಂದು ಗೊತ್ತುಮಾಡಬೇಕು. ನಾಬಿನ ಮೇಲೆ ಡಿಗ್ರಿಯ ಗುರುತೇ ಇರಲಿಲ್ಲ. ಕಡ್ಡಿ ಅಳೆಯುವುದು ನೀರಿನ ಬಿಸಿಯನ್ನಲ್ಲ, ಫಿನ್ನಿನ ಬಿಸಿಯನ್ನು; ನಾಲ್ಕು ಬೆರಳು ಆಚೆ ಚುಚ್ಚಿದರೆ ಲೆಕ್ಕವೆಲ್ಲ ಬೇರೆ. ಕಬ್ಬಿನ ತರಗು ಸಿಕ್ಕಿಕೊಳ್ಳುತ್ತದೆಂದು ನಾನು ವಾರಕ್ಕೊಮ್ಮೆ ರೇಡಿಯೇಟರಿಗೆ ನೀರು ಹಾಯಿಸುತ್ತೇನೆ. ಹಾಗೆ ತೊಳೆದ ಒಂದು ದಿನ ಕಡ್ಡಿ ಕಳಚಿ ಗಾಳಿಯಲ್ಲಿ ನೇತಾಡುತ್ತಿತ್ತು. ಅದರ ಪಾಲಿಗೆ ಎಂಜಿನ್ ತಣ್ಣಗಿತ್ತು, ಫ್ಯಾನ್ ಓಡಲೇ ಇಲ್ಲ. ಕಡ್ಡಿಯಿದ್ದ ಜಾಗವನ್ನು ಟಾರ್ಚ್ ಬಿಟ್ಟು ನೋಡಿದರೆ, ಒಳಗಿನ ನೀರಿನ ನಾಳದ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ಗೆರೆ. ಗಾಡಿಯ ಅದುರಿಗೆ ಕಡ್ಡಿ ಉಜ್ಜಿ ಉಜ್ಜಿ ನಾಳವನ್ನು ಸವೆಸುತ್ತಿತ್ತು. ಅಂದೇ ಬಿಚ್ಚಿ ತೆಗೆದೆ.

ಥರ್ಮೋ ಸ್ವಿಚ್ಚಿಗೆ ಇಂತಹ ಊಹೆಯ ಕೆಲಸವಿಲ್ಲ. ಮೇಲಿನ ಹೋಸನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಕೂರಿಸಿ, ಅದರ ಥ್ರೆಡ್ಡಿಗೆ ಸ್ವಿಚ್ ತಿರುಗಿಸುವುದು, ಅಷ್ಟೇ. ತುದಿ ನೀರಿನಲ್ಲೇ ಮುಳುಗಿರುತ್ತದೆ. ನನ್ನದರ ಮೇಲೆ 92-87 ಎಂದು ಕೆತ್ತಿದೆ: 92 ಡಿಗ್ರಿಗೆ ಫ್ಯಾನ್ ಶುರು, 87ಕ್ಕೆ ಬಂದ್. ಕೊಳ್ಳುವಾಗ ಎಂಜಿನ್ನಿನ ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಎಷ್ಟಕ್ಕೆ ತೆರೆಯುತ್ತದೆಂದು ನೋಡಿಕೊಳ್ಳಿ. ನನ್ನದು 82. ಸ್ವಿಚ್ ಬಂದ್ ಆಗುವ ಬಿಸಿ ಅದಕ್ಕಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಸ್ವಿಚ್, ಅಡಾಪ್ಟರ್, ರಿಲೇ, ಫ್ಯೂಸ್ ಎಲ್ಲ ಸೇರಿ 1,300 ರೂಪಾಯಿಯೊಳಗೆ ಮುಗಿಯಿತು.

ಇನ್ನು ಆ ತೊಡಕು. ಎಲ್ಲ ಜೋಡಿಸಿ ಎಂಜಿನ್ ಓಡಿಸಿದೆ. ಬಿಸಿಯ ಮುಳ್ಳು ಮೇಲೇರಿತು, ಫ್ಯಾನ್ ಅಲುಗಲಿಲ್ಲ. ಫ್ಯೂಸ್ ಸರಿಯಿತ್ತು. ರಿಲೇ ಬದಲಿಸಿದೆ, ಇನ್ನೊಂದನ್ನು ತಂದು ಮತ್ತೆ ಬದಲಿಸಿದೆ. ಸ್ವಿಚ್ಚಿಗೆ ಹೋಗುವ ವೈರನ್ನು ಕಳಚಿ ಎಂಜಿನ್ನಿಗೆ ತಾಗಿಸಿದರೆ ರಿಲೇ ಟಕ್ ಎಂದು ಎಳೆದು ಫ್ಯಾನ್ ತಿರುಗುತ್ತಿತ್ತು. ಹಾಗಾದರೆ ಸ್ವಿಚ್ಚೇ ಕೆಟ್ಟಿದೆ ಎಂದುಕೊಂಡು ಮನೆಗೆ ತಂದು, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಟೆಸ್ಟ್ ಲ್ಯಾಂಪ್ ಹಿಡಿದೆ. ದೀಪ ಹತ್ತಿತು. ನೀರು ಆರುತ್ತ ಬಂದಾಗ ನಂದಿತು. ಸ್ವಿಚ್ ಚೆನ್ನಾಗಿಯೇ ಇತ್ತು! ಗಾಡಿಗೆ ಹಾಕಿದರೆ ಮತ್ತೆ ಸತ್ತಂತೆ.

ಎರಡನೆಯ ದಿನ ಸಂಜೆ ಪಾಂಡವಪುರದ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಮೀಟರ್ ಕೂಡ ತೆಗೆಯಲಿಲ್ಲ. ಅಡಾಪ್ಟರಿನ ಎರಡೂ ಬದಿಯ ಹೋಸಿನ ಮೇಲೆ ಬೆರಳಾಡಿಸಿ, “ಅಣ್ಣಾ, ಈ ಕಡೆಯೂ ರಬ್ಬರ್, ಆ ಕಡೆಯೂ ರಬ್ಬರ್. ಇದಕ್ಕೆ ಅರ್ಥ್ ಎಲ್ಲಿಂದ ಬರಬೇಕು?” ಎಂದು ಕೇಳಿದರು.

ಒಂದೇ ಪಿನ್ನಿನ ಸ್ವಿಚ್ ತನ್ನ ಮೈಯ ಮೂಲಕವೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ಲೋಹದ ದಾರಿ, ಪಡೆಯುತ್ತದೆ. ಎಂಜಿನ್ನಿನ ಲೋಹಕ್ಕೆ ತಿರುಗಿಸಿದ್ದರೆ ಅದು ತಾನಾಗಿ ಸಿಗುತ್ತಿತ್ತು. ರಬ್ಬರಿನ ನಡುವೆ ನಿಂತ ಅಡಾಪ್ಟರಿಗೆ ಸಿಗುವುದಿಲ್ಲ. ಹಿಂದಿನ ದಿನ ನಾನು ಅಡಾಪ್ಟರಿಗೆ ಮೀಟರ್ ಹಿಡಿದಾಗ ಅಲ್ಪಸ್ವಲ್ಪ ಸಂಪರ್ಕ ತೋರಿಸಿದ್ದೇ ನನ್ನ ದಾರಿ ತಪ್ಪಿಸಿತ್ತು. ಅದು ಒಳಗಿನ ಕೂಲೆಂಟ್ ನೀರಿನ ಮೂಲಕ ಬರುತ್ತಿದ್ದ ಸಣ್ಣ ಕರೆಂಟು. ರಿಲೇಯ ಕಾಯಿಲ್ ಎಳೆಯಲು ಅದು ಏನೇನೂ ಸಾಲದು. ಅಡಾಪ್ಟರಿನ ಪಕ್ಕದಲ್ಲೊಂದು ಥ್ರೆಡ್ ಇದ್ದ ಸಣ್ಣ ತೂತಿತ್ತು, ಯಾತಕ್ಕೆಂದು ನಾನು ಯೋಚಿಸಿಯೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಅದಕ್ಕೆ ಲಗ್ (ವೈರಿನ ತುದಿಯ ಲೋಹದ ಬಳೆ) ಕೂರಿಸಿ ಸ್ಕ್ರೂ ಬಿಗಿದು, ಅಲ್ಲಿಂದ ಎಂಜಿನ್ ಬ್ಲಾಕಿಗೆ ಒಂದು ವೈರ್ ಎಳೆದರು. ಸ್ವಿಚ್ಚಿನ ಥ್ರೆಡ್ಡಿಗೆ ನಾನು ದಪ್ಪಗೆ ಸುತ್ತಿದ್ದ ಟೆಫ್ಲಾನ್ ಟೇಪನ್ನೂ ಬಿಚ್ಚಿ ತಾಮ್ರದ ವಾಷರ್ ಹಾಕಿದರು, ಆ ಟೇಪೂ ಕರೆಂಟನ್ನು ತಡೆಯಬಲ್ಲದೆಂದು. ಹತ್ತು ನಿಮಿಷದ ಕೆಲಸ.

ವೈರಿನ ವಿಷಯ: ಬ್ಯಾಟರಿಯಿಂದ ರಿಲೇಯ 30 ಎಂಬ ಪಿನ್ನಿಗೆ, 87 ಎಂಬ ಪಿನ್ನಿನಿಂದ ಫ್ಯಾನಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿ, ಫ್ಯಾನಿನ ಅರ್ಥ್ ವೈರ್ ಕೂಡ ಅಷ್ಟೇ ದಪ್ಪವಿರಲಿ. ಮೊದಲಿದ್ದ ತೆಳು ವೈರಿನಲ್ಲಿ ಫ್ಯಾನಿನ ಬಳಿ ಬ್ಯಾಟರಿಗಿಂತ ಒಂದೂವರೆ ವೋಲ್ಟ್ ಕಡಿಮೆ ಬರುತ್ತಿತ್ತು. 30 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ರಿಲೇಯ 86ನೇ ಪಿನ್ನನ್ನು ಇಗ್ನಿಷನ್ನಿಗೆ, 85ನೇದನ್ನು ಥರ್ಮೋ ಸ್ವಿಚ್ಚಿಗೆ ಕೊಟ್ಟಿದ್ದೇನೆ. ಕೀ ತೆಗೆದ ಮೇಲೂ ಫ್ಯಾನ್ ಓಡಲಿ ಎನ್ನುವವರು 86ನ್ನು ನೇರ ಬ್ಯಾಟರಿಗೆ ಕೊಡುತ್ತಾರೆ. ನನ್ನ ಹಳೆಯ ಬ್ಯಾಟರಿಗೆ ಆ ಹೊರೆ ಬೇಡವೆನಿಸಿತು. ಇದೆಲ್ಲ 12 ವೋಲ್ಟಿನ ಗಾಡಿಯ ಲೆಕ್ಕ. 24 ವೋಲ್ಟಿನ ದೊಡ್ಡ ಲಾರಿಗೆ ಫ್ಯಾನ್, ರಿಲೇ ಎರಡೂ ಬೇರೆ.

ಬಿಸಿಗೆ ತಕ್ಕಂತೆ ಫ್ಯಾನಿನ ವೇಗವನ್ನೇ ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಕಂಟ್ರೋಲರನ್ನು ಮೈಸೂರಿನ ಸ್ನೇಹಿತರ ಗಾಡಿಯಲ್ಲಿ ನೋಡಿದೆ. ಸದ್ದಿಲ್ಲದೆ ಶುರುವಾಗುತ್ತದೆ, ಹೆಡ್‌ಲೈಟ್ ಮಂಕಾಗುವುದಿಲ್ಲ. ಬೆಲೆ ನನ್ನ ಕೈಗೆ ಮೀರಿದ್ದು. ರಾತ್ರಿ ನಾಗಮಂಗಲದ ದಾರಿಯಲ್ಲಿ ಅದು ಕೆಟ್ಟರೆ ನಾನು ಮಾಡುವುದಾದರೂ ಏನು? ರಿಲೇ ಆದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇನ್ನೊಂದು ಇರುತ್ತದೆ, ಕಿತ್ತು ಚುಚ್ಚಿದರಾಯಿತು.

ಹಳೆಯ ಡ್ಯಾಶ್‌ಬೋರ್ಡ್ ಸ್ವಿಚ್ಚನ್ನು ಎಸೆಯಲಿಲ್ಲ. 85ರಿಂದ ಅದರ ಮೂಲಕ ಅರ್ಥ್‌ಗೆ ಇನ್ನೊಂದು ದಾರಿ ಕೊಟ್ಟಿದ್ದೇನೆ. ಥರ್ಮೋ ಸ್ವಿಚ್ ಕೈಕೊಟ್ಟರೆ ಕೈಯಿಂದಲೇ ಓಡಿಸಬಹುದು. ಮುಂದಿನ ಹಂಗಾಮಿಗೆ ಮುನ್ನ ಒಂದು ಪಿನ್ನಿನದನ್ನು ತೆಗೆದು, ಅರ್ಥ್‌ಗೂ ತನ್ನದೇ ಪಿನ್ ಇರುವ ಎರಡು ಪಿನ್ನಿನ ಸ್ವಿಚ್ ಹಾಕುತ್ತೇನೆ. ಆಗಲೇ ತಂದಿಟ್ಟಿದ್ದೇನೆ, ಅದೂ 92-87.