ಅಂಬಾಸಿಡರ್‌ಗೆ "ಫುಲ್ ಇಗ್ನಿಷನ್ ಅಪ್‌ಗ್ರೇಡ್" ಅಂತ ಯಾರಾದ್ರೂ ಹೇಳಿದ್ರೆ ಕೂಡ್ಲೇ ಒಪ್ಬೇಡಿ

ಮಂಗಳೂರು, ಉಡುಪಿ ಕಡೆ ಹಳೇ ಅಂಬಾಸಿಡರ್, ಫಿಯೆಟ್ ಇಟ್ಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ, ಮಳೆಗಾಲದ ಮೊದ್ಲು ಗಾಡಿ ಸರ್ವಿಸಿಗೆ ಕೊಡುವವರು ಅಂತೂ ಓದ್ಲೇಬೇಕು.

ನಮ್ಮದು ಅಂಬಾಸಿಡರ್ ಮಾರ್ಕ್ 4 ಪೆಟ್ರೋಲ್, ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಅದೇ 1489 ಸಿಸಿಯ ಹಳೇ ಎಂಜಿನ್. ಗ್ಯಾರೇಜಿನವರಿಗೆ ನಾವು ಹೇಳಿದ್ದು ಪಾಯಿಂಟ್ (ಸ್ಪಾರ್ಕ್ ಬರ್ಲಿಕ್ಕೆ ಕರೆಂಟನ್ನು ಕಟ್ ಮಾಡುವ ಸಣ್ಣ ಸ್ವಿಚ್) ಮತ್ತೆ ಅದರ ಜೊತೆಯ ಕಂಡೆನ್ಸರ್ ಬದಲು ಮಾಡಿ, ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು) ಒಮ್ಮೆ ನೋಡಿ ಅಂತ, ಅಷ್ಟೇ. ಗಾಡಿ ತರ್ಲಿಕ್ಕೆ ಹೋದಾಗ ನೋಡಿದ್ರೆ ಎಲ್ಲವೂ ಹೊಸತು, ಸ್ಪಾರ್ಕಿನ ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್, ಕೆಂಪು ಬಣ್ಣದ ಸ್ಪೋರ್ಟ್ಸ್ ಕೋಯಿಲ್ (ಬ್ಯಾಟರಿಯ ವೋಲ್ಟೇಜನ್ನು ಸ್ಪಾರ್ಕಿಗೆ ಬೇಕಾದಷ್ಟು ಏರಿಸುವ ಪಾರ್ಟ್), ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ಹೊಸ ರೋಟರ್, ಅದರ ಮೇಲಿನ ಹೊಸ ಕ್ಯಾಪ್, ಹೊಸ ಪ್ಲಗ್ ವಯರ್. "ಈಗ ಪಾಯಿಂಟ್ ಎಲ್ಲ ಯಾರು ಹಾಕ್ತಾರೆ ಸಾರ್, ಇದು 40,000 ವೋಲ್ಟ್" ಅಂದ್ರು. ಹಳೇ ಸಾಮಾನು ಎಲ್ಲಿ ಅಂತ ಕೇಳಿದ್ರೆ ಗುಜರಿಗೆ ಹೋಯ್ತಂತೆ! ವರ್ಷಗಟ್ಲೆ ಒಂದು ದಿನ ಕೈಕೊಡದ ರೋಟರ್, ಕ್ಯಾಪ್, ಕೋಯಿಲ್ ಅದು. ಅಂಬಾಸಿಡರ್ ಮಾಡ್ತಿದ್ದ ಉತ್ತರಪಾರಾದ ಫ್ಯಾಕ್ಟರಿ 2014ರಲ್ಲಿ ನಿಂತ ಮೇಲೆ ಇದರ ಒಳ್ಳೆ ಪಾರ್ಟ್ ಸಿಗುದೇ ಕಷ್ಟ, ಸಿಕ್ಕಿದ್ರೂ ಎಷ್ಟೋ ಸಲ ಡಬ್ಬ ಮಾತ್ರ ಒರಿಜಿನಲ್ ತರ ಕಾಣ್ತದೆ, ಅಂಥದ್ದರಲ್ಲಿ ನಡೀತಾ ಇದ್ದದ್ದನ್ನು ಕೇಳದೆ ಬಿಸಾಡಿದ್ದು ನನಗೆ ಈಗಲೂ ಹೊಟ್ಟೆ ಉರೀತದೆ.

ಶುರುವಿಗೆ ಗಾಡಿ ಚೆನ್ನಾಗೇ ಓಡ್ತಿತ್ತು. ಊರೊಳಗೆ ಹಂಪನಕಟ್ಟೆ, ಪಂಪ್‌ವೆಲ್ ಅಂತ ಸಣ್ಣ ಓಡಾಟಕ್ಕೆ ಏನೂ ತೊಂದ್ರೆ ಇಲ್ಲ. ಉಡುಪಿಗೆ ಅಂತ ಹೊರಟ ದಿನ ಮೂಲ್ಕಿ ದಾಟಿದ ಮೇಲೆ ಒಂದೆರಡು ಸಲ ಜರ್ಕ್ ಕೊಡ್ತು, ಪಡುಬಿದ್ರಿ ಬರುವಷ್ಟರಲ್ಲಿ ಸ್ವಿಚ್ ಆಫ್ ಮಾಡಿದ ಹಾಗೆ ಎಂಜಿನ್ ನಿಂತೇ ಹೋಯ್ತು. ಜೋರು ಮಳೆ, ಹಿಂದಿನ ಸೀಟಲ್ಲಿ ಅಮ್ಮ, ಹೈವೇಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಯಾವ ಸ್ಪೀಡಲ್ಲಿ ಬರ್ತವೆ ಅಂತ ಈ ಕಡೆಯವರಿಗೆ ನಾನು ಹೇಳ್ಬೇಕಾಗಿಲ್ಲ. ನಿಜವಾಗಿ ಹೆದರಿಕೆ ಆಯ್ತು. ಸ್ವಲ್ಪ ಹೊತ್ತು ಬಿಟ್ಟು ತಣ್ಣಗಾದ ಮೇಲೆ ಸ್ಟಾರ್ಟ್ ಆಯ್ತು, ಕಾಪು ಹತ್ರ ಪುನಃ ನಿಂತಿತು.

ವಾಪಸ್ ತಕ್ಕೊಂಡು ಹೋದ್ರೆ ಅದೇ ಗ್ಯಾರೇಜಿನವರು ಪೆಟ್ರೋಲ್ ಪಂಪ್ ಅಂದ್ರು, ಬದಲು ಮಾಡಿದ್ರು, ದುಡ್ಡು ತಕ್ಕೊಂಡ್ರು. ಆಮೇಲೆ ಕಾರ್ಬುರೇಟರ್ ಅಂದ್ರು, ಅದಕ್ಕೂ ದುಡ್ಡು. ಗಾಡಿ ಬಿಸಿಯಾದ್ರೆ ನಿಲ್ಲುದು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಉಡುಪಿ ಕಡೆಯ ಒಬ್ರು ಹಿರಿಯ ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ಮೊದ್ಲು ನೋಡಿದ್ದೇ ಕೋಯಿಲ್. ವಿಷಯ ಇಲ್ಲೇ ಇರುದು. ಬ್ಯಾಲಸ್ಟ್ ರೆಸಿಸ್ಟರ್ (ಕೋಯಿಲಿಗೆ ಹೋಗುವ ಕರೆಂಟನ್ನು ಕಡಿಮೆ ಮಾಡುವ ಪಾರ್ಟ್) ಇಲ್ಲದ 12 ವೋಲ್ಟ್ ಗಾಡಿಯ ಕೋಯಿಲಲ್ಲಿ ಪ್ರೈಮರಿ ರೆಸಿಸ್ಟೆನ್ಸ್ (ಪ್ಲಸ್ ಮೈನಸ್ ನಡುವೆ ಅಳೆಯುವ ಓಮ್) ಸುಮಾರು 3 ಓಮ್ ಇರ್ಬೇಕು, ಅಂದ್ರೆ 4 ಆಂಪಿಯರ್ ಕರೆಂಟ್. ನಮ್ಮ ಗಾಡಿಗೆ ಹಾಕಿದ್ದು 1.5 ಓಮಿನದ್ದು, ಅದು ಬ್ಯಾಲಸ್ಟ್ ಜೊತೆ ಮಾತ್ರ ಹಾಕುವ ಕೋಯಿಲ್, ಬ್ಯಾಲಸ್ಟ್ ಹಾಕಿರ್ಲೇ ಇಲ್ಲ. ಸೀದಾ 8 ಆಂಪಿಯರ್, ಎಂಜಿನ್ ಓಡುವಾಗ ಚಾರ್ಜಿಂಗ್ 14 ವೋಲ್ಟ್ ಹತ್ರ ಇರುವ ಕಾರಣ ಇನ್ನೂ ಜಾಸ್ತಿ. ಆ ಕರೆಂಟ್ ಎಲ್ಲ ಮಾಡ್ಯೂಲ್ ಮೂಲಕವೇ ಹೋಗ್ಬೇಕು, ಅದು ಎಂಜಿನ್ ಪಕ್ಕದಲ್ಲೇ ಡಿಸ್ಟ್ರಿಬ್ಯೂಟರ್ ಒಳಗೆ ಕೂತಿರ್ತದೆ, ಬಿಸಿ ತಡೀದೆ ಕಟ್ ಆಗ್ತಿತ್ತು. ತೆಗ್ದು ನೋಡಿದ್ರೆ ಒಳಗೆ ತುಂಬಿಸಿದ ರೆಸಿನ್ ಕರಗಿ ಅಂಚಿಗೆ ಬಂದಿತ್ತು.

ಮತ್ತೆ ಆ 40,000 ವೋಲ್ಟ್ ಕಥೆ. ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ ಹಾರ್ಲಿಕ್ಕೆ ಎಷ್ಟು ವೋಲ್ಟೇಜ್ ಬೇಕೋ ಅಷ್ಟಕ್ಕೆ ಏರಿದ ಕೂಡ್ಲೇ ಸ್ಪಾರ್ಕ್ ಆಗಿಬಿಡ್ತದೆ, ಅದರಿಂದ ಮೇಲೆ ಹೋಗುದಿಲ್ಲ. ಈ ಎಂಜಿನಿಗೆ ಪ್ಲಗ್ ಗ್ಯಾಪ್ 0.6 ಮಿಮೀ ಆಸುಪಾಸು, ಕಂಪ್ರೆಷನ್ನೂ ಕಡಿಮೆ, ಹಳೇ ಕೋಯಿಲೇ ಧಾರಾಳ ಸಾಕಿತ್ತು. ಸ್ಟಿಕ್ಕರಿನ ನಂಬರ್ ನೋಡಿ ದುಡ್ಡು ಕೊಡ್ಬೇಡಿ.

ಅಷ್ಟಕ್ಕೇ ಮುಗೀಲಿಲ್ಲ, ಹೊಸ ರೋಟರ್ ಕೂಡ ಲೀಕ್. ಇದನ್ನು ಅವ್ರು ತೋರಿಸಿಕೊಟ್ಟ ರೀತಿ ಎಲ್ರೂ ತಿಳ್ಕೊಳ್ಬೇಕು: ಕ್ಯಾಪ್ ತೆಗ್ದು, ಕೋಯಿಲಿನಿಂದ ಬರುವ ದಪ್ಪ ವಯರಿನ ತುದಿಯನ್ನು ಇನ್ಸುಲೇಟೆಡ್ ಪಕ್ಕಡಲ್ಲಿ ಹಿಡಿದು ರೋಟರಿನ ಹಿತ್ತಾಳೆ ಭಾಗದಿಂದ ಒಂದೈದು ಮಿಮೀ ದೂರ ಇಟ್ಟು, ಇನ್ನೊಬ್ಬರ ಹತ್ರ ಎಂಜಿನ್ ಕ್ರ್ಯಾಂಕ್ ಮಾಡಿಸುದು. ರೋಟರ್ ಸರಿ ಇದ್ರೆ ಸ್ಪಾರ್ಕ್ ಅಲ್ಲಿಗೆ ಹಾರ್ತಾ ಇರ್ಬಾರ್ದು, ಹಾರಿದ್ರೆ ಕರೆಂಟ್ ರೋಟರನ್ನು ತೂತು ಮಾಡಿ ಒಳಗಿನ ಶಾಫ್ಟಿಗೆ ಅರ್ತ್ ಆಗ್ತಾ ಉಂಟು ಅಂತ ಅರ್ಥ. ನಮ್ಮದರಲ್ಲಿ ಟಪ್ ಟಪ್ ಅಂತ ಹಾರ್ತಿತ್ತು, ರಿವೆಟ್ ಹಾಕಿದ ಜಾಗದಲ್ಲೇ. ಹೊಸತು ಅಂದ್ರೆ ಒಳ್ಳೇದು ಅಂತ ಅಲ್ಲ ಮಾರಾಯ್ರೆ. ನಮ್ಮ ಕಡೆಯ ಮಳೆ, ಉಪ್ಪು ಗಾಳಿಗೆ ಕ್ಯಾಪ್ ಒಳಗೆ ಪಸೆ ಕೂತ್ರೆ ಇಂಥ ಕಳಪೆ ಪ್ಲಾಸ್ಟಿಕ್ ಇನ್ನೂ ಬೇಗ ಹಾಳಾಗ್ತದೆ.

ಈಗ ಪುನಃ ಪಾಯಿಂಟಿಗೇ ಬಂದಿದ್ದೇವೆ, ಗ್ಯಾಪ್ 0.4 ಮಿಮೀ, 3 ಓಮ್ ಕೋಯಿಲ್, ಪರಿಚಯದವರ ನಿಂತ ಗಾಡಿಯಿಂದ ತೆಗೆದ ಹಳೇ ರೋಟರ್. ಚಾರ್ಮಾಡಿ ಹತ್ತಿ ಇಳಿದು ಬಂದೆವು, ಒಮ್ಮೆಯೂ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ ಕಿಟ್ಟೇ ಕೆಟ್ಟದ್ದು ಅಂತ ನಾನು ಹೇಳುದಿಲ್ಲ, ಸರಿಯಾದ ಕೋಯಿಲ್ ಜೊತೆ ಹಾಕಿದ್ರೆ ಪಾಯಿಂಟ್ ಉಜ್ಜುವ ಕೆಲ್ಸ ತಪ್ತದೆ. ಆದ್ರೆ ಒಂದೊಂದೇ ಹಾಕಿಸಿ, ಒಂದನ್ನು ಹಾಕಿ ದೂರ ಓಡಿಸಿ ನೋಡಿದ ಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಬದಲು ಮಾಡಿದ್ರೆ ಯಾವುದು ಕೈಕೊಟ್ಟಿತು ಅಂತ ಗೊತ್ತೇ ಆಗುದಿಲ್ಲ, ನಮಗೆ ಆದದ್ದು ಅದೇ. ತೆಗೆದ ಹಳೇ ಪಾರ್ಟ್ ಬೇಕು ಅಂತ ಗಾಡಿ ಕೊಡುವಾಗಲೇ ಹೇಳಿ, ಡಿಕ್ಕಿಯಲ್ಲಿ ಇಟ್ಕೊಳ್ಳಿ, ಬಿಲ್ ಬರೆಸ್ಕೊಳ್ಳಿ. ನಾವು ದುಡ್ಡು ವಾಪಸ್ ಕೇಳಿದಾಗ "ಎಲೆಕ್ಟ್ರಿಕಲ್ ಐಟಮಿಗೆ ಗ್ಯಾರಂಟಿ ಇಲ್ಲ" ಅಂದು ಕೈತೊಳ್ಕೊಂಡ್ರು.

ಈಗಾಗ್ಲೇ ಇಂಥ ಕೋಯಿಲ್ ಹಾಕಿಸಿದವರು ಇವತ್ತೇ ಒಮ್ಮೆ ನೋಡಿ. ಕೀ ಆಫ್ ಮಾಡಿ, ಕೋಯಿಲಿನ ಎರಡು ಸಣ್ಣ ವಯರ್ ಕಳಚಿ, ಪ್ಲಸ್ ಮೈನಸ್ ನಡುವೆ ಓಮ್ ಅಳೀರಿ, ಪ್ರೋಬ್ ಎರಡನ್ನೂ ಒಂದಕ್ಕೊಂದು ತಾಗಿಸಿದಾಗ ಬರುವ ನಂಬರನ್ನು ಅದರಿಂದ ಕಳೀಬೇಕು. 1.5ರ ಹತ್ರ ಬಂದು, ಬ್ಯಾಲಸ್ಟ್ ಎಲ್ಲೂ ಕಾಣದೆ ಇದ್ರೆ, ಅದನ್ನು ಸರಿ ಮಾಡಿಸುವ ತನಕ ಮನೆಯವರನ್ನು ಕೂರಿಸ್ಕೊಂಡು ಹೈವೇಗೆ ಹೋಗ್ಬೇಡಿ.