ಐಫೋನ್, ಪಿಕ್ಸೆಲ್, ಅಗ್ಗದ ಆಂಡ್ರಾಯ್ಡ್: ಅಪ್‌ಡೇಟ್ ಹೇಗೆ ಬರುತ್ತದೆ?

ಅಪ್‌ಡೇಟ್ ಲೆಕ್ಕದಲ್ಲಿ ಐಫೋನ್, ಗೂಗಲ್‌ನ ಪಿಕ್ಸೆಲ್, ಅಗ್ಗದ ಆಂಡ್ರಾಯ್ಡ್ ಈ ಮೂರರಲ್ಲಿ ಯಾವ ಫೋನ್ ಕೊಳ್ಳಬೇಕು ಎಂಬ ಪ್ರಶ್ನೆಗೆ ನಿಮ್ಮ ಬಳಕೆಯೇ ಉತ್ತರ. ಐಫೋನ್‌ಗೆ ಆಪಲ್, ಪಿಕ್ಸೆಲ್‌ಗೆ ಗೂಗಲ್ ಅಪ್‌ಡೇಟನ್ನು ನೇರವಾಗಿ ಕಳುಹಿಸುತ್ತವೆ. ಉಳಿದ ಆಂಡ್ರಾಯ್ಡ್‌ಗಳಿಗೆ ಅದು ಚಿಪ್ ತಯಾರಕರು, ಫೋನ್ ಕಂಪನಿ ಎಂದು ಕೈ ದಾಟಿ ಬರಬೇಕು. ಅಗ್ಗದ ಮಾದರಿಗಳ ಸರದಿ ಸಾಮಾನ್ಯವಾಗಿ ಕೊನೆಗೆ.

ಬಾಳಿಕೆಯಲ್ಲಿ ಆಪಲ್ ಮಾಡಿ ತೋರಿಸಿದೆ: 2015ರ ಐಫೋನ್ 6ಎಸ್‌ಗೂ 2021ರ ಐಒಎಸ್ 15 (ಐಫೋನ್‌ನ ಮೂಲ ತಂತ್ರಾಂಶದ ಆವೃತ್ತಿ) ಸಿಕ್ಕಿತು. ಪಿಕ್ಸೆಲ್ 8ಕ್ಕೆ 7 ವರ್ಷದ ಅಪ್‌ಡೇಟ್ ಭರವಸೆಯಿದೆ, ಆದರೆ ಆ ಅವಧಿ ಇನ್ನೂ ಮುಗಿದಿಲ್ಲ.

ಸಲೀಸಿನಲ್ಲಿ ಮಾತ್ರ ಪಿಕ್ಸೆಲ್ ಮುಂದು. ನೀವು ಮಾತನಾಡುತ್ತಿರುವಾಗಲೇ ಹೊಸ ಆವೃತ್ತಿ ಫೋನ್ ಸಂಗ್ರಹದ ಇನ್ನೊಂದು ವಿಭಾಗದಲ್ಲಿ ಸಿದ್ಧವಾಗುತ್ತದೆ, ರೀಸ್ಟಾರ್ಟ್ ಮಾಡಿದರಾಯಿತು. ಐಫೋನ್‌ನಲ್ಲಿ ಸೇಬಿನ ಚಿಹ್ನೆಯ ಕೆಳಗಿನ ಗೆರೆ ತುಂಬುವ ತನಕ ಕಾಯಬೇಕು.

ಐದಾರು ವರ್ಷ ಬಳಸುವವರಿಗೆ ಐಫೋನ್, ಕೆಲಸ ನಿಲ್ಲಬಾರದವರಿಗೆ ಪಿಕ್ಸೆಲ್. ಎರಡು ವರ್ಷಕ್ಕೆ ಬದಲಿಸುವವರಿಗೆ ಅಗ್ಗದ್ದೇ ಸಾಕು. ಭದ್ರತಾ ಅಪ್‌ಡೇಟ್ ಎಷ್ಟು ವರ್ಷವೆಂದು ಮಾತ್ರ ಕೇಳಿಯೇ ಕೊಳ್ಳಿ.