ವಿದ್ಯುತ್ ಮಾರುಕಟ್ಟೆಯ ಉಚಿತ ಅಂಕಿ-ಅಂಶ: ಗ್ರಾಹಕರ ಪರ ವಾದಿಸುವವರಿಗೆ ಎಷ್ಟು ಒದಗುತ್ತದೆ?

ಎಸ್ಕಾಂಗಳ ದರ ಏರಿಕೆ ಅರ್ಜಿಗೆ ಬರುವ ಆಕ್ಷೇಪಣೆಗಳಲ್ಲಿ ಸಿಬ್ಬಂದಿ ಖರ್ಚು, ಬಾಕಿ ವಸೂಲಿ, ಸೋರಿಕೆ ಇವೇ ತುಂಬಿರುತ್ತವೆ. ಹಣದ ದೊಡ್ಡ ಪಾಲು ಹೋಗುವುದು ಮಾತ್ರ ವಿದ್ಯುತ್ ಖರೀದಿಗೆ. ಬಿಲ್ಲಿನಲ್ಲಿ ಎಫ್‌ಪಿಪಿಸಿಎ (ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ) ಎಂದು ಕಾಣುವ ಸಾಲಿನ ಮೂಲವೂ ಅದೇ. ವಿದ್ಯುತ್ ಕಾಯ್ದೆ 2003ರ 94(3)ನೇ ಕಲಂ ಪ್ರಕಾರ, ಗ್ರಾಹಕರ ಪರ ವಾದಿಸಲು ವಿದ್ಯುತ್ ನಿಯಂತ್ರಣ ಆಯೋಗ ತನಗೆ ಸರಿಕಂಡವರಿಗೆ ಅಧಿಕಾರ ಕೊಡಬಹುದು. ಆದರೆ ಹಾಗೆ ಬಂದವರ ಕೈಗೆ ಯಾವ ಲೆಕ್ಕ ಕೊಡಬೇಕು ಎಂಬುದು ಆ ಕಲಂನಲ್ಲಿಲ್ಲ. ಹಾಗಾಗಿ ಎಲ್ಲರಿಗೂ ತೆರೆದಿರುವ ತಾಣಗಳನ್ನೇ ನೆಚ್ಚಬೇಕು. ಅವು ಆ ಕೆಲಸಕ್ಕೆ ಎಷ್ಟರಮಟ್ಟಿಗೆ ಆಗಿಬರುತ್ತವೆ ಎಂಬುದಷ್ಟೇ ಇಲ್ಲಿನ ವಿಚಾರ.

ಮೊದಲು ಐಇಎಕ್ಸ್, ಅಂದರೆ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್. ದೇಶದಲ್ಲಿ ಮೂರು ವಿದ್ಯುತ್ ವಿನಿಮಯ ಕೇಂದ್ರಗಳಿದ್ದರೂ, ಪಿಎಕ್ಸ್‌ಐಎಲ್ ಮತ್ತು ಎಚ್‌ಪಿಎಕ್ಸ್ ಜತೆಗಿದ್ದರೂ, ಡೇ-ಅಹೆಡ್ (ನಾಳೆಯ ವಿದ್ಯುತ್ತನ್ನು ಇಂದೇ ಕೊಳ್ಳುವ) ವಹಿವಾಟು ಹೆಚ್ಚುಕಡಿಮೆ ಪೂರ್ತಿ ಇಲ್ಲೇ ನಡೆಯುತ್ತದೆ. ತಾಣದಲ್ಲಿ ಮಾರುಕಟ್ಟೆಯನ್ನು ಆರಿಸಿ, 15 ನಿಮಿಷದ ಬ್ಲಾಕ್ ಎಂದು ಗುರುತು ಹಾಕಿ, ದಿನಾಂಕ ಕೊಟ್ಟರೆ 96 ಸಾಲುಗಳು ಬರುತ್ತವೆ, ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಬಹುದು. ಖರೀದಿ ಬಿಡ್, ಮಾರಾಟ ಬಿಡ್, ಇತ್ಯರ್ಥವಾದ (ನಿಜಕ್ಕೂ ಕೈಬದಲಾದ) ಪ್ರಮಾಣ, ಬೆಲೆ ಎಲ್ಲವೂ ಅದರಲ್ಲಿವೆ. ಉಚಿತವಾಗಿ ಸಿಗುವುದರಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಎಡವಟ್ಟು ಶುರುವಾಗುವುದು ಇಳಿಸಿಕೊಂಡ ಮೇಲೆ. ಬೆಲೆ ಇರುವುದು ಮೆಗಾವಾಟ್-ಗಂಟೆಗೆ ರೂಪಾಯಿಯಲ್ಲಿ. 4,500 ಎಂದಿದ್ದರೆ ಯೂನಿಟ್‌ಗೆ ₹4.50. ಬ್ಲಾಕ್ ಕಡತದಲ್ಲಿ ಪ್ರಮಾಣ ಮೆಗಾವಾಟ್‌ನಲ್ಲಿರುತ್ತದೆ, ಅದನ್ನು 4ರಿಂದ ಭಾಗಿಸದೆ ಕೂಡಿದರೆ ಖರೀದಿ ನಾಲ್ಕು ಪಟ್ಟು ಕಾಣುತ್ತದೆ. ಒಂದು ಬ್ಲಾಕ್‌ನಲ್ಲಿ 1,000 ಮೆಗಾವಾಟ್ ಅಂದರೆ 2.5 ಲಕ್ಷ ಯೂನಿಟ್. ಇನ್ನೊಂದು, ಪುಟದಲ್ಲಿ ಕಾಣುವ ಎಂಸಿಪಿ, ಅಂದರೆ ಮಾರುಕಟ್ಟೆ ಇತ್ಯರ್ಥ ಬೆಲೆ, ಇಡೀ ದೇಶದ್ದು. ಪ್ರಸರಣ ಮಾರ್ಗದಲ್ಲಿ ಒತ್ತಡವಿದ್ದ ದಿನ ವಲಯವಾರು ಬೆಲೆ ಬೇರೆಯಾಗುತ್ತದೆ. ಕರ್ನಾಟಕ ಎಸ್1 ವಲಯದಲ್ಲಿದೆ; ವಲಯ ಬೆಲೆಯ ಪುಟದಿಂದ ಆ ಕಾಲಂ ತೆಗೆದುಕೊಂಡು ಹೋಲಿಸಿದರೇ ಆಯೋಗದ ಮುಂದೆ ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಸರಾಸರಿಯದು. ಲೆಕ್ಕಕ್ಕೆಂದು ಒಂದು ದಿನ ಇಟ್ಟುಕೊಳ್ಳಿ: 64 ಬ್ಲಾಕ್ ₹3, 32 ಬ್ಲಾಕ್ ₹9. ಸಾದಾ ಸರಾಸರಿ ₹5. ಕೊಳ್ಳುವ ಕಂಪನಿ ತನ್ನ ಯೂನಿಟ್‌ಗಳಲ್ಲಿ ಶೇ 70ರಷ್ಟನ್ನು ಆ ದುಬಾರಿ 32 ಬ್ಲಾಕ್‌ಗಳಲ್ಲೇ ಕೊಂಡಿದ್ದರೆ ಅದು ತೆತ್ತದ್ದು ₹7.20. ‘ಮಾರುಕಟ್ಟೆಯಲ್ಲಿ ₹5 ಇದ್ದಾಗ ₹7.20 ಕೊಟ್ಟಿದ್ದೀರಿ’ ಎಂದು ಆಕ್ಷೇಪಣೆ ಬರೆದರೆ ಎದುರಿನ ವಕೀಲರು ಎರಡೇ ನಿಮಿಷದಲ್ಲಿ ಅದನ್ನು ಉರುಳಿಸುತ್ತಾರೆ. ಸೋಲಾರ್ ಇರುವ ಹಗಲು ಅಗ್ಗ, 73ರಿಂದ 88ನೇ ಬ್ಲಾಕ್‌ವರೆಗಿನ ಸಂಜೆ, ಅಂದರೆ 6ರಿಂದ 10 ಗಂಟೆ, ದುಬಾರಿ. ಕೇಳಬೇಕಾದ ಪ್ರಶ್ನೆ ಬೇರೆಯೇ: ಸಂಜೆಯ ಕೊರತೆ ಮೊದಲೇ ಗೊತ್ತಿದ್ದೂ ಅದಕ್ಕೆ ಮುಂಗಡ ಒಪ್ಪಂದ ಯಾಕೆ ಮಾಡಿಕೊಳ್ಳಲಿಲ್ಲ?

ಬೆಲೆಗೆ ಮಿತಿಯಿದೆ ಎಂಬುದೂ ನೆನಪಿರಲಿ. ₹20 ಇದ್ದ ಗರಿಷ್ಠ ಬೆಲೆಯನ್ನು ಸಿಇಆರ್‌ಸಿ (ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ) 2022ರಲ್ಲಿ ₹12ಕ್ಕೆ, 2023ರ ಏಪ್ರಿಲ್‌ನಲ್ಲಿ ₹10ಕ್ಕೆ ಇಳಿಸಿತು. ಬೆಲೆ ಸರಿಯಾಗಿ 10,000 ಎಂದು ತೋರಿಸುವ ಬ್ಲಾಕ್‌ಗಳಲ್ಲಿ ಬೆಲೆಯನ್ನು ಬಿಟ್ಟು ಖರೀದಿ ಬಿಡ್‌ಗೂ ಇತ್ಯರ್ಥವಾದ ಪ್ರಮಾಣಕ್ಕೂ ಇರುವ ಅಂತರ ನೋಡಿ. ಅಲ್ಲಿ ದುಡ್ಡು ಕೊಡುತ್ತೇನೆಂದರೂ ಕೇಳಿದಷ್ಟು ಕರೆಂಟ್ ಸಿಕ್ಕಿರುವುದಿಲ್ಲ.

ದೇಶದ ವಿದ್ಯುತ್ ಜಾಲವನ್ನು ನಿಭಾಯಿಸುವ ಗ್ರಿಡ್-ಇಂಡಿಯಾದ ದೈನಂದಿನ ವರದಿ ಚಿಕ್ಕದು, ನಂಬಬಹುದಾದದ್ದು. ರಾಜ್ಯವಾರು ಗರಿಷ್ಠ ಬೇಡಿಕೆ, ಪೂರೈಸಿದ ವಿದ್ಯುತ್, ಕೊರತೆ, ನಿಗದಿಗಿಂತ ಹೆಚ್ಚು ಅಥವಾ ಕಡಿಮೆ ಎಳೆದದ್ದು ಇರುತ್ತದೆ. ಎಂಯು ಎಂದರೆ 10 ಲಕ್ಷ ಯೂನಿಟ್. ‘ಬೇಡಿಕೆ ದಿಢೀರ್ ಏರಿತ್ತು’ ಎಂಬ ಸಮಜಾಯಿಷಿಯನ್ನು ಪರೀಕ್ಷಿಸಲು ಇದೇ ಸಾಕು.

ಕೇಂದ್ರ ಸರ್ಕಾರದ ಮೆರಿಟ್ ಪೋರ್ಟಲ್ 2017ರಿಂದ ಇದೆ. ಯಾವ ಸ್ಥಾವರದಿಂದ ಎಷ್ಟು ಕೊಂಡರು, ಸ್ಥಿರ ವೆಚ್ಚ ಎಷ್ಟು, ಇಂಧನಕ್ಕೆ ತಕ್ಕಂತೆ ಬದಲಾಗುವ ವೆಚ್ಚ ಎಷ್ಟು ಎಂಬುದು ರಾಜ್ಯವಾರು ಸಿಗುತ್ತದೆ. ನೋಡಲು ಚೆನ್ನಾಗಿದೆ, ಆದರೆ ಅಲ್ಲಿರುವುದು ರಾಜ್ಯಗಳು ಒದಗಿಸಿದ ಅಂಕಿ. ಎಸ್ಕಾಂ ಅರ್ಜಿಯಲ್ಲಿ ವಿದ್ಯುತ್ ಖರೀದಿಯ ವಿವರ ಇರುವ ಡಿ-1 ನಮೂನೆಯ ಜತೆ ತಾಳೆ ನೋಡದೆ ಬಳಸಬಾರದು. ಇಲ್ಲೂ ಒಂದು ಗುಂಡಿಯಿದೆ. ಸ್ಥಿರ ವೆಚ್ಚ ₹2, ಬದಲಾಗುವ ವೆಚ್ಚ ₹3.50 ಇರುವ ಸ್ಥಾವರವನ್ನು ವಿನಿಮಯ ಕೇಂದ್ರದ ₹4.50ರ ಜತೆ ಹೋಲಿಸುವಾಗ ₹5.50 ಎಂದು ಹಿಡಿಯುವಂತಿಲ್ಲ. ಸ್ಥಾವರ ಸಿದ್ಧವಿದ್ದರೆ ಓಡಿಸಿದರೂ ಬಿಟ್ಟರೂ ಸ್ಥಿರ ವೆಚ್ಚ ಕೊಡಲೇಬೇಕು. ಹೋಲಿಕೆ ₹3.50ಕ್ಕೂ ₹4.50ಕ್ಕೂ, ಓಡಿಸಿದ್ದೇ ಸರಿ. ಮಾರುಕಟ್ಟೆಯಲ್ಲಿ ₹3 ಇದ್ದ ದಿನವೂ ಅದನ್ನು ಪೂರ್ತಿ ಓಡಿಸಿದ್ದರೆ ಮಾತ್ರ ಆಕ್ಷೇಪಣೆಗೆ ಬಲ. ಅದರಲ್ಲೂ ಕಲ್ಲಿದ್ದಲು ಘಟಕವನ್ನು ಮಧ್ಯಾಹ್ನ ನಿಲ್ಲಿಸಿ ಸಂಜೆ ಹೊತ್ತಿಸಲಾಗದು. ಕೇಂದ್ರದ ಸ್ಥಾವರಗಳನ್ನು ಓಡಿಸಲು ಸಾಮರ್ಥ್ಯದ ಶೇ 55ರ ಕನಿಷ್ಠ ಮಟ್ಟವಿದೆ. ಅಷ್ಟನ್ನು ಬಿಟ್ಟು ಮಿಕ್ಕದ್ದರ ಬಗ್ಗೆ ಕೇಳಿ.

ಸಿಇಆರ್‌ಸಿಯ ಮಾಸಿಕ ವರದಿ ತಡವಾಗಿ ಬರುತ್ತದೆ, ಪಿಡಿಎಫ್‌ನಲ್ಲಿ ಬರುತ್ತದೆ. ಆದರೂ ಅಲ್ಪಾವಧಿ ವಹಿವಾಟಿನ ರಾಜ್ಯವಾರು ಪಟ್ಟಿ ಅದರಲ್ಲಿದೆ. ಕರ್ನಾಟಕ ಕೊಳ್ಳುವುದಷ್ಟೇ ಅಲ್ಲ, ಮಾರುತ್ತದೆ ಕೂಡ. ಮಾರಾಟದ ಆದಾಯವನ್ನು ಖರೀದಿ ವೆಚ್ಚದಿಂದ ಕಳೆದಿದ್ದಾರೆಯೇ ಎಂದು ನೋಡಲು ಈ ಪಟ್ಟಿಯಿಂದಲೇ ಹೊರಡಬೇಕು.

ಇಷ್ಟೆಲ್ಲ ಇದ್ದೂ ಮುಖ್ಯವಾದದ್ದು ಇಲ್ಲ. ಬೋರ್ಡಿನ ಮೇಲೆ ಧಾರಣೆ ಬರೆದಿದೆ, ಕಿರ್ದಿ ಪುಸ್ತಕ ಮಾತ್ರ ಒಳಗಿದೆ. ರಾಜ್ಯದ ಪರವಾಗಿ ವಿದ್ಯುತ್ ಕೊಳ್ಳುವ ಸರ್ಕಾರಿ ಕಂಪನಿ ಪಿಸಿಕೆಎಲ್ ಯಾವ ಬ್ಲಾಕ್‌ಗೆ ಯಾವ ಬೆಲೆಯಲ್ಲಿ ಬಿಡ್ ಹಾಕಿತು, ಹಿಂದಿನ ದಿನದ ಅಂದಾಜು ಎಷ್ಟಿತ್ತು ಎಂಬುದು ಈ ಯಾವ ತಾಣದಲ್ಲೂ ಕಾಣದು. ಬಿಡ್‌ಗಳ ಗುಟ್ಟು ಆ ದಿನಕ್ಕೆ ಬೇಕು, ಒಪ್ಪೋಣ. ಆದರೆ ಅಮೆರಿಕದ ಪಿಜೆಎಂ ಮಾರುಕಟ್ಟೆಯಲ್ಲಿ ಉತ್ಪಾದಕರ ಬಿಡ್‌ಗಳನ್ನು ಹೆಸರು ಮರೆಸಿ ನಾಲ್ಕು ತಿಂಗಳ ನಂತರ ಹೊರಹಾಕುತ್ತಾರೆ. ಅಷ್ಟಾದರೂ ಇಲ್ಲಿ ಆಗಬಹುದಿತ್ತು.

ಸದ್ಯಕ್ಕೆ ದಾರಿ ಮಾಹಿತಿ ಹಕ್ಕು ಅರ್ಜಿ: ₹10 ಶುಲ್ಕ, ಉತ್ತರಕ್ಕೆ 30 ದಿನ. ಆಕ್ಷೇಪಣೆಗೆ ಸಿಗುವುದೂ ಸಾಮಾನ್ಯವಾಗಿ ಅಷ್ಟೇ ದಿನ. ಪ್ರಕಟಣೆ ನೋಡಿ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ದರ ಅರ್ಜಿಗಳು ನವೆಂಬರ್ ಕೊನೆಗೆ ಸಲ್ಲಿಕೆಯಾಗುವುದರಿಂದ ಅಕ್ಟೋಬರ್‌ನಲ್ಲೇ ಹಾಕಿ. ಇಡೀ ವರ್ಷದ್ದು ಕೇಳದೆ, ಬೆಲೆ ಮಿತಿಗೆ ಮುಟ್ಟಿದ ಬ್ಲಾಕ್‌ಗಳು ಹೆಚ್ಚಿರುವ ಎರಡು ತಿಂಗಳು ಆರಿಸಿ. ದಿನಾಂಕ, ಬ್ಲಾಕ್ ಸಂಖ್ಯೆ, ಮಾರುಕಟ್ಟೆ, ಪ್ರಮಾಣ, ಬೆಲೆ ಈ ಐದು ಕಾಲಂ ಎಕ್ಸೆಲ್‌ನಲ್ಲಿ ಬೇಕೆಂದು ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಅಡಿ ವಾಣಿಜ್ಯ ಗೋಪ್ಯತೆ ಎಂದು ತಿರಸ್ಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಮುಗಿದುಹೋದ ವಹಿವಾಟಿನಿಂದ ಯಾರ ಪೈಪೋಟಿಗೂ ಧಕ್ಕೆಯಿಲ್ಲ, ಅದರ ಹಣ ಬಿಲ್ಲಿನಲ್ಲಿ ಗ್ರಾಹಕರಿಂದಲೇ ವಸೂಲಾಗಿದೆ ಎಂದು ವಾದಿಸಿ. ತಿರಸ್ಕಾರದ ಪತ್ರವನ್ನೂ ಆಕ್ಷೇಪಣೆಗೆ ಲಗತ್ತಿಸಿ, ಅದೇ ಲೆಕ್ಕವನ್ನು ಎಸ್ಕಾಂನಿಂದ ತರಿಸಿಕೊಳ್ಳುವಂತೆ ವಿದ್ಯುತ್ ಕಾಯ್ದೆಯ, ಆಯೋಗ ಪಾರದರ್ಶಕವಾಗಿರಬೇಕೆನ್ನುವ 86(3)ನೇ ಕಲಂ ಉಲ್ಲೇಖಿಸಿ ಆಯೋಗವನ್ನು ಕೋರಬಹುದು.